ಪಂಚಾಯಿತಿ ಯೋಜನೆಯನ್ನು ಈ ಸಲ ಹಳ್ಳದ ಗುಂಟ ಮಾಡೋಣ್ವಾ?

ಹಳ್ಳದಂಚಿನ ಮನೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿಯಲ್ಲಿ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಗೆ ವಾರ್ಡ್ ಸಭೆಗಳು ಶುರುವಾಗುತ್ತಿವೆ. ಹೋದ ಸಲದ ಆಕ್ಷನ್ ಪ್ಲಾನ್ ಇಸ್ಕೊಂಡು ಓದಿದೆ. ಕಾಂಕ್ರೀಟ್ ರಸ್ತೆ, ಬಾಕ್ಸ್ ಚರಂಡಿ, ಮತ್ತೆ ಕಾಂಕ್ರೀಟ್ ರಸ್ತೆ. ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಕಾಯಿಲೆಯವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಬರುವ ಮಜರೆಗಳು ಇನ್ನೂ ಇವೆ. ಆದರೆ ನೀರಿನ ಲೆಕ್ಕದಲ್ಲಿ ಇದ್ದದ್ದು ಬೋರ್‌ವೆಲ್ ಮತ್ತು ಪೈಪ್ ರಿಪೇರಿ ಮಾತ್ರ. ಕಾನು (ದಟ್ಟ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಹಳ್ಳ, ಕೆರೆ ಯಾವುದರ ಹೆಸರೂ ಇಲ್ಲ. ಆ ಪಟ್ಟಿಯ ಮೇಲೆ ಯಾವ ಊರಿನ ಹೆಸರು ಬರೆದರೂ ನಡೆಯುತ್ತೆ.

ಮಲೆನಾಡಿನ ಊರು ಬಯಲುಸೀಮೆಯ ಹಾಗೆ ಒಂದೇ ಕಡೆ ಇಲ್ಲ. ಇಲ್ಲಿ ಎರಡು ಮನೆ, ಗುಡ್ಡ ದಾಟಿದರೆ ನಾಲ್ಕು ಮನೆ. ಇವನ್ನೆಲ್ಲ ಜೋಡಿಸುವುದು ಹಳ್ಳ. ಮೇಲೆ ಕಾನು, ಕೆಳಗೆ ಸೊಪ್ಪಿನಬೆಟ್ಟ, ಅದರ ಕೆಳಗೆ ತೋಟ, ಆಮೇಲೆ ಗದ್ದೆ, ಕೊನೆಗೆ ಹೊಳೆ. ಮೇಲೆ ಯಾರೋ ಗುಡ್ಡ ಬೋಳಿಸಿದರೆ ಕೆಳಗಿನವನ ಗದ್ದೆಗೆ ಮಣ್ಣು ಬಂದು ಕೂರುತ್ತೆ. ಮೇಲೆ ದೊಡ್ಡ ಮೋಟಾರು ಇಟ್ಟರೆ ಫೆಬ್ರವರಿಗೆ ಕೆಳಗೆ ಹಳ್ಳ ಒಣಗುತ್ತೆ. ವಾರ್ಡಿನ ಗಡಿ ಮಾತ್ರ ಈ ಹಳ್ಳವನ್ನು ಅಡ್ಡಕ್ಕೆ ಕತ್ತರಿಸಿದೆ. ಮೇಲಿನ ಕೇರಿ ಒಂದು ವಾರ್ಡು, ಕೆಳಗಿನದು ಇನ್ನೊಂದು. ಹಾಗಾಗಿ ಹಳ್ಳದ ಮಾತು ಯಾವ ಸಭೆಯಲ್ಲೂ ಪೂರ್ತಿಯಾಗಿ ಬರುವುದೇ ಇಲ್ಲ.

ನನ್ನ ಆಲೋಚನೆ ಇದು. ವಾರ್ಡ್ ಸಭೆಗೆ ಮುಂಚೆಯೇ ಒಂದೊಂದು ಹಳ್ಳದ ಮನೆಯವರು ಒಟ್ಟಿಗೆ ಕೂರುವುದು. ಹುಟ್ಟುವ ಜಾಗದಿಂದ ಹೊಳೆ ಸೇರುವ ತನಕ ನಡೆದು ನೋಡುವುದು. ಒರತೆ ಎಲ್ಲಿ ಬತ್ತಿದೆ, ದಂಡೆ ಎಲ್ಲಿ ಕುಸಿದಿದೆ, ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಎಲ್ಲಿ ಬೇಕು, ಕಸ ಎಲ್ಲಿ ಸುರಿಯುತ್ತಾರೆ ಅಂತ ಬರೆದುಕೊಳ್ಳುವುದು. ಆ ಪಟ್ಟಿಯನ್ನು ಎಲ್ಲ ವಾರ್ಡ್ ಸಭೆಗಳಲ್ಲೂ ಒಂದೇ ದನಿಯಲ್ಲಿ ಇಡುವುದು. ನಿಮ್ಮ ಕಡೆ ಯಾರಾದರೂ ಹೀಗೆ ಮಾಡಿದ್ದೀರಾ? ಕಾನೂನಿನಲ್ಲಿ ಅವಕಾಶ ಇದೆಯಾ? ದುಡ್ಡು ಎಲ್ಲಿಂದ ಬರುತ್ತೆ?

ನಿವೃತ್ತ ಪಿಡಿಓ

ಅವಕಾಶ ಧಾರಾಳವಾಗಿದೆ. ಬಳಸುವವರು ಕಡಿಮೆ, ಅಷ್ಟೇ. 1993ರ ಪಂಚಾಯತ್ ರಾಜ್ ಕಾಯ್ದೆಗೆ 2015ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಕಾಯ್ದೆಯ ಹೆಸರಿನಲ್ಲೇ ಗ್ರಾಮ ಸ್ವರಾಜ್ ಸೇರಿತು. ಬೇಡಿಕೆ ಹುಟ್ಟಬೇಕಾದದ್ದು ವಾರ್ಡ್ ಸಭೆಯಲ್ಲಿ. ಅಲ್ಲಿಂದ ಗ್ರಾಮ ಸಭೆ, ಆಮೇಲೆ ಪಂಚಾಯಿತಿಯ ಸಾಮಾನ್ಯ ಸಭೆ. ಸಭೆಗೆ ಮುಂಚೆ ಊರವರು ಹಳ್ಳದ ಬದಿ ಕೂತು ಮಾತಾಡಬಾರದು ಅಂತ ಯಾವ ನಿಯಮವೂ ಇಲ್ಲ. ಬೇಡಿಕೆ ತಯಾರಾಗಿ ಬಂದರೆ ಪಿಡಿಓಗೂ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ) ಅನುಕೂಲವೇ.

ದುಡ್ಡಿನ ವಿಷಯ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ ಶೇ 60 ಟೈಡ್ (ಇಂಥದ್ದಕ್ಕೇ ಅಂತ ಕಟ್ಟಿಟ್ಟದ್ದು), ಶೇ 40 ಅನ್‌ಟೈಡ್ (ಹಾಗೆ ಕಟ್ಟಿಡದ್ದು) ಅಂತ ಮಾಡಿದರು. ಟೈಡ್‌ನಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಈ ಎರಡನೇ ಅರ್ಧ ಪೂರ್ತಿ ಪೈಪು, ಮೋಟಾರಿಗೇ ಹೋಗುವುದನ್ನು ನಾನು ಸರ್ವಿಸಿನಲ್ಲಿ ನೋಡುತ್ತಲೇ ಬಂದೆ. ಒರತೆ ಉಳಿಸುವುದೂ ಕುಡಿಯುವ ನೀರಿನ ಕೆಲಸವೇ ಅಂತ ಸಭೆಯಲ್ಲಿ ಯಾರೂ ಕೇಳಲಿಲ್ಲ. ಮಣ್ಣು, ನೀರಿನ ಕೆಲಸಕ್ಕೆ ಉದ್ಯೋಗ ಖಾತ್ರಿ ದುಡ್ಡೂ ಬಳಕೆಯಾಗಿದೆ.

ಒಂದು ಎಚ್ಚರಿಕೆ. ಪ್ರತಿ ಕೆಲಸದ ಮುಂದೆ ಸರ್ವೆ ನಂಬರ್ ಬರೆಯಿರಿ. ಜಾಗ ಕಂದಾಯದ್ದೋ, ಅರಣ್ಯದ್ದೋ, ಖಾಸಗಿಯೋ ಅಂತ ಪಹಣಿಯಲ್ಲಿ ನೋಡಿಕೊಳ್ಳಿ. ಮಲೆನಾಡಿನ ಎಷ್ಟೋ ಒಳ್ಳೆ ಕೆಲಸಗಳು ಇಲ್ಲೇ ಸಾಯುತ್ತವೆ. ಎಸ್ಟಿಮೇಟ್ ಆಗಿರುತ್ತೆ, ಆಮೇಲೆ ಅರಣ್ಯದ ಜಾಗ ಅಂತ ಗೊತ್ತಾಗುತ್ತೆ, ಫೈಲು ಮೂಲೆಗೆ.

ಅಡಿಕೆ ತೋಟದವ (ಸಾಗರ)

ಆಲೋಚನೆ ಚೆನ್ನಾಗಿದೆ ಮಾರಾಯ್ರೆ. ಆದರೆ ಒಂದೇ ಹಳ್ಳದ ನೀರು ಬಳಸುವವರು ಒಟ್ಟಿಗೆ ಕೂರುವುದೇ ಕಷ್ಟ. ಬೇಸಿಗೆಯಲ್ಲಿ ಮೋಟಾರಿನ ವಿಷಯಕ್ಕೆ ಮಾತು ಬಿಟ್ಟವರು ಎಲ್ಲ ಊರಲ್ಲೂ ಇದ್ದಾರೆ. ಅದನ್ನು ಬಿಡಿಸದೆ ನಕ್ಷೆ ಮಾಡಿ ಏನು ಪ್ರಯೋಜನ?

ಜಗಳ ಬಿಡಿಸೋಕೆ ನನಗೆ ತೋಚಿದ ದಾರಿ ಲೆಕ್ಕ. ಒಂದು ಎಕರೆ ಮೇಲೆ 3000 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1 ಕೋಟಿ 20 ಲಕ್ಷ ಲೀಟರ್ ನೀರು. ಒಂದು ಎಕರೆ ತೋಟದಲ್ಲಿ 550 ಮರ ಅಂತಿಟ್ಟುಕೊಳ್ಳಿ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಅಂದರೆ 11,000 ಲೀಟರ್. ಬೇಸಿಗೆಯ 120 ದಿನಕ್ಕೆ 13 ಲಕ್ಷ ಚಿಲ್ಲರೆ. ಅಂದರೆ ಬಿದ್ದ ಮಳೆಯ ಒಂಬತ್ತನೇ ಒಂದು ಪಾಲು ಉಳಿದರೂ ತೋಟ ಬದುಕುತ್ತೆ. ನಮಗೆ ಮಳೆ ಕಡಿಮೆ ಆಗಿದ್ದಲ್ಲ, ನೀರು ನಿಲ್ಲುವುದು ಕಡಿಮೆ ಆಗಿದ್ದು. ಜೂನ್‌ನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಮಳೆ ಬಿಡುವು ಕೊಡಲ್ಲ, ಮಾರ್ಚ್‌ನಲ್ಲಿ ಅದೇ ತೋಟಕ್ಕೆ ಟ್ಯಾಂಕರ್ ನೀರು. ಇದು ಸರೀನಾ ಹೇಳಿ.

ನಮ್ಮ ಅಜ್ಜನ ಕಾಲದಲ್ಲಿ ಗದ್ದೆ ಕೊಯ್ಲು ಮುಗಿದ ಮೇಲೆ ಹಳ್ಳಕ್ಕೆ ಕಟ್ಟು ಹಾಕುತ್ತಿದ್ದರು. ಕಲ್ಲು, ಮಣ್ಣು, ಸೊಪ್ಪು ಅಷ್ಟೇ. ಮನೆಗೊಬ್ಬರು ಬರಲೇಬೇಕು. ಮೇಲಿಂದ ಕೆಳಗಿನವರೆಗೆ ಸಾಲಾಗಿ ಕಟ್ಟು. ಒಂದರಲ್ಲಿ ಜಿನುಗಿದ ನೀರು ಇನ್ನೊಂದರಲ್ಲಿ ನಿಲ್ಲುತ್ತಿತ್ತು. ಅಕ್ಕಪಕ್ಕದ ಬಾವಿಯೆಲ್ಲ ಏಪ್ರಿಲ್ ತನಕ ತುಂಬಿರುತ್ತಿತ್ತು. ಬೋರ್ ಬಂದ ಮೇಲೆ ನಿಂತುಹೋಯಿತು. ಇದಕ್ಕೆ ಎಸ್ಟಿಮೇಟೂ ಬೇಡ, ಟೆಂಡರೂ ಬೇಡ. ಯೋಜನೆಯ ಮೊದಲ ಸಾಲಿನಲ್ಲಿ ಇದನ್ನೇ ಬರೆಯಿರಿ. ಹಳ್ಳದ ಹರಿವು ಇಳಿಯುವಾಗ, ನವೆಂಬರ್ ಕೊನೆ ಡಿಸೆಂಬರ್ ಹೊತ್ತಿಗೆ ಹಾಕಿದರೆ ಸರಿ. ತಡ ಮಾಡಿದರೆ ಕಟ್ಟೋಕೆ ನೀರೇ ಇರಲ್ಲ.

ಮಾಜಿ ಸದಸ್ಯೆ (ತೀರ್ಥಹಳ್ಳಿ ಕಡೆ)

ಕಟ್ಟಿನ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಇಂಗುಗುಂಡಿ ವಿಷಯದಲ್ಲಿ ಮಾತ್ರ ದಯವಿಟ್ಟು ಎಲ್ಲರೂ ಹುಷಾರಾಗಿರಿ. ಎಲ್ಲ ಕಡೆಗೂ ಒಂದೇ ಔಷಧಿ ಅಲ್ಲ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬರುತ್ತೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಜಿಲ್ಲೆ ಒಂದೇ ಅಂತ ಕೆಲಸವೂ ಒಂದೇ ಮಾಡೋಕಾಗಲ್ಲ.

ಕಡಿದಾದ ಗುಡ್ಡದ ಮೇಲೆ, ಅದರಲ್ಲೂ ಕೆಳಗೆ ರಸ್ತೆಗೋ ಮನೆಗೋ ಮಣ್ಣು ಕಡಿದಿರುವ ಜಾಗದಲ್ಲಿ ಗುಂಡಿ ತೆಗೆದು ನೀರು ನಿಲ್ಲಿಸಿದರೆ ಮಣ್ಣು ನೀರು ಕುಡಿದು ಭಾರ ಆಗುತ್ತೆ. ಹಿಡಿತ ಸಡಿಲವಾಗುತ್ತೆ. ಕೆಳಗೆ ಬುಡವೇ ಇಲ್ಲದ ಮೇಲೆ ಜಾರುತ್ತೆ. ಅಂಥ ಕಡೆ ನೀರು ಸರಾಗ ಹರಿದುಹೋಗುವ ದಾರಿ ಮಾಡಬೇಕು, ಮರ ಬೆಳೆಸಬೇಕು. ಇಂಗಿಸುವ ಕೆಲಸವೆಲ್ಲ ಇಳಿಜಾರು ಕಡಿಮೆ ಇರುವ ಬ್ಯಾಣ (ಹುಲ್ಲುಗಾವಲು), ಹಕ್ಕಲಿನಲ್ಲಿ (ಪಾಳು ಜಾಗದಲ್ಲಿ) ಇರಲಿ. ಗುರಿ ಮುಟ್ಟಬೇಕು ಅಂತ ಎಲ್ಲಿ ಬೇಕಾದಲ್ಲಿ ಗುಂಡಿ ತೋಡಿಸಿದ್ದನ್ನು ನೋಡಿದ್ದೇನೆ. ಊರಿನ ಹಿರಿಯರಿಗೆ ಯಾವ ಗುಡ್ಡ ಮೊದಲು ಜಾರಿತ್ತು ಅಂತ ನೆನಪಿರುತ್ತೆ. ಅವರನ್ನು ಕೇಳಿ ನಕ್ಷೆಯಲ್ಲಿ ಕೆಂಪು ಗೆರೆ ಹಾಕಿ.

ಇನ್ನೊಂದು ಮಾತು. ನಾನು ಸದಸ್ಯೆ ಆಗಿದ್ದಾಗ ವಾರ್ಡ್ ಸಭೆ ಬೆಳಿಗ್ಗೆ 11ಕ್ಕೆ ಇಡುತ್ತಿದ್ದರು. ಆ ಹೊತ್ತಿಗೆ ಹೆಂಗಸರು ಕೊಟ್ಟಿಗೆ, ಅಡುಗೆ, ಕೂಲಿ ಅಂತ ಇರುತ್ತಾರೆ. ಬಂದವರೆಲ್ಲ ಗಂಡಸರು, ಕೇಳಿದ್ದೆಲ್ಲ ರಸ್ತೆ. ಸಭೆಯ ಹೊತ್ತು ಬದಲಾಯಿಸಿದ ದಿನ ಪಟ್ಟಿಯೂ ಬದಲಾಯಿತು. ಕುಡಿಯುವ ನೀರು, ಅಂಗನವಾಡಿ ಸೂರು, ಬಟ್ಟೆ ಒಗೆಯುವ ಜಾಗ ಎಲ್ಲ ಮೇಲೆ ಬಂದವು.

ಗುಡ್ಡೆಕೇರಿ

ಎಲ್ಲ ಓದಿದೆ. ಬೇಜಾರಾಗಬೇಡಿ, ನೇರವಾಗಿ ಕೇಳ್ತೀನಿ. ಹಳ್ಳದ ಬದಿ ತೋಟ ಇರುವವರಿಗೆ ಹಳ್ಳದ ಯೋಜನೆ. ನಮ್ಮ ಕೇರಿ ಗುಡ್ಡದ ಮೇಲೆ. ತೋಟ ಇಲ್ಲ. ಇರುವ ಒಂದೂವರೆ ಎಕರೆ ಬಗರ್ ಹುಕುಂ, ಅಂದರೆ ಕಾಗದ ಇಲ್ಲದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಾಗ. ಅರ್ಜಿ ಕೊಟ್ಟು ಕಾಯುತ್ತಾ ಇದ್ದೇವೆ. ಮೇಲಿನ ಕಾಡು ಉಳಿಸೋಣ ಅಂತ ಸಭೆಯಲ್ಲಿ ಠರಾವು ಆದರೆ ನಾಳೆ ಅದೇ ಕಾಗದ ಹಿಡಿದು ನಮ್ಮನ್ನು ಎಬ್ಬಿಸಿದರೆ? ಪರಿಸರದ ಹೆಸರಿನಲ್ಲಿ ಏನು ಬಂದರೂ ಮೊದಲು ಏಟು ಬೀಳುವುದು ಕಾಗದ ಇಲ್ಲದವರಿಗೆ. ಕಸ್ತೂರಿರಂಗನ್ ವರದಿ ಅಂದಾಗ ನಮ್ಮಲ್ಲಿ ರಾತ್ರಿ ನಿದ್ದೆ ಬರ್ತಿರಲಿಲ್ಲ.

ಹಳ್ಳದಂಚಿನ ಮನೆ

ಅಣ್ಣ, ನೀವು ಕೇಳಿದ್ದು ತುಂಬಾ ಮುಖ್ಯ. ಈ ಹೆದರಿಕೆ ಇಟ್ಟುಕೊಂಡು ಯಾರೂ ಸಭೆಗೆ ಬರೋಕಾಗಲ್ಲ.

ಯಾವ ಜಾಗ ಸೂಕ್ಷ್ಮ ಅಂತ ಮೇಲಿನಿಂದ ಗೆರೆ ಎಳೆದರೆ ಏನಾಗುತ್ತೆ ಅಂತ ನಾವು ನೋಡಿದ್ದೇವೆ. 2011ರಲ್ಲಿ ಪಶ್ಚಿಮಘಟ್ಟದ ಬಗ್ಗೆ ಗಾಡ್ಗೀಳ್ ಸಮಿತಿ ವರದಿ ಕೊಟ್ಟಾಗ ಗ್ರಾಮಸಭೆಗಳ ಜೊತೆ ಮಾತಾಡಿಯೇ ತೀರ್ಮಾನ ಆಗಲಿ ಅಂತ ಹೇಳಿತ್ತು. ಆ ಭಾಗ ಊರುಗಳಿಗೆ ಮುಟ್ಟಲೇ ಇಲ್ಲ. 2013ರ ಕಸ್ತೂರಿರಂಗನ್ ವರದಿಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಅಂತ ಬಂತು. ಊರಿಗೆ ಬಂದದ್ದು ಹಳ್ಳಿಗಳ ಪಟ್ಟಿ ಮತ್ತು ಗಾಬರಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಬೇಡ ಅಂದಿತು. ಇಷ್ಟು ವರ್ಷದಲ್ಲಿ ಕಾಡೂ ಉಳಿಯಲಿಲ್ಲ, ನಿಮ್ಮ ಕಾಗದವೂ ಆಗಲಿಲ್ಲ. ಅದಕ್ಕೇ ಗೆರೆಯನ್ನು ನಾವೇ, ಊರವರೇ ಕೂತು ಎಳೆಯೋಣ ಅಂತ ಹೇಳುತ್ತಿರುವುದು. ನಿಮ್ಮ ಕೇರಿ ಬಿಟ್ಟು ಎಳೆದ ಗೆರೆಗೆ ನಾನು ಸಹಿ ಹಾಕುವುದಿಲ್ಲ. ನಡಾವಳಿಯಲ್ಲಿ ಮೊದಲ ಸಾಲೇ ಹೀಗಿರಲಿ: ಈಗ ಸಾಗುವಳಿ ಮಾಡುತ್ತಿರುವವರ ಅರ್ಜಿಗಳಿಗೆ ಈ ಯೋಜನೆಯಿಂದ ಯಾವ ತೊಂದರೆಯೂ ಆಗಬಾರದು.

ನಿವೃತ್ತ ಪಿಡಿಓ

ಅದರ ಜೊತೆ ಇದನ್ನೂ ಸೇರಿಸಿ. ಬಗರ್ ಹುಕುಂ ಬೇರೆ, 2006ರ ಅರಣ್ಯ ಹಕ್ಕು ಕಾಯ್ದೆ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಅರ್ಜಿ ಹಾಕಿ ಬಹಳ ಜನ ಸುಸ್ತಾಗಿದ್ದಾರೆ. ಅರಣ್ಯ ಹಕ್ಕಿನಲ್ಲಿ 2005ರ ಡಿಸೆಂಬರ್ 13ಕ್ಕೆ ಮುಂಚಿನ ಸಾಗುವಳಿ ಇರಬೇಕು. ಪರಿಶಿಷ್ಟ ಪಂಗಡದವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ಕೇಳುತ್ತಾರೆ. ಅಲ್ಲೇ ಹೆಚ್ಚಿನ ಅರ್ಜಿ ಬೀಳುವುದು. ಆದರೆ ಅದೇ ಕಾಯ್ದೆಯಲ್ಲಿ ಸಮುದಾಯ ಹಕ್ಕು ಅಂತ ಇನ್ನೊಂದಿದೆ. ಊರಿನ ಸುತ್ತಲಿನ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು ಊರಿಗೇ. ನಮ್ಮ ಜಿಲ್ಲೆಯಲ್ಲಿ ಅದರ ಬಗ್ಗೆ ಮಾತೇ ಕಡಿಮೆ. ಗುಡ್ಡೆಕೇರಿಯವರು ಅದನ್ನು ಕೇಳಬೇಕು.

ಆಶಾ ಅಕ್ಕ

ಹಳ್ಳ, ಕಾಡು ಅಂತ ಮಾತು ಬಂದಲ್ಲಿ ಮಂಗನ ಕಾಯಿಲೆ ಯಾಕೆ ಬರಲಿಲ್ಲ? ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ. 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಊರಿನ ಹೆಸರೇ ಕಾಯಿಲೆಗೆ ಬಂತು. ಸಾಗರದ ಅರಳಗೋಡಿನಲ್ಲಿ 2018-19ರಲ್ಲಿ ಜನ ಸತ್ತದ್ದು ಯಾರೂ ಮರೆತಿಲ್ಲ. ಆದರೂ ಪಂಚಾಯಿತಿ ಯೋಜನೆಯಲ್ಲಿ ಅದಕ್ಕೆ ಒಂದು ಸಾಲೂ ಇರಲ್ಲ.

ಈ ಕಾಯಿಲೆ ಹರಡುವ ಉಣ್ಣೆ ಮರಿಗಳು ಜಾಸ್ತಿ ಇರುವುದು ಚಳಿಗಾಲ, ಬೇಸಿಗೆಯಲ್ಲಿ. ನಮ್ಮವರು ದರಕು (ಒಣಗಿದ ಎಲೆ) ಗುಡಿಸೋಕೆ, ಕಟ್ಟಿಗೆ ತರೋಕೆ ಕಾಡಿಗೆ ಹೋಗುವುದೂ ಅದೇ ತಿಂಗಳು. ಹೋಗಬೇಡಿ ಅಂತ ಸುಮ್ನೆ ಹೇಳಿದರೆ ಕೇಳ್ತಾರಾ? ಕೊಟ್ಟಿಗೆಗೆ ದರಕು ಬೇಕಲ್ಲ. ಹಾಗಾದರೆ ಯೋಜನೆಯಲ್ಲಿ ಬರೆಯಬೇಕಾದದ್ದು ಇಷ್ಟು. ಉಣ್ಣೆ ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ನವೆಂಬರ್ ಒಳಗೆ ಮನೆಮನೆಗೆ ತಲುಪಬೇಕು. ಮಂಗ ಸತ್ತದ್ದು ಕಂಡರೆ ಮುಟ್ಟದೆ ಅದೇ ದಿನ ಯಾರಿಗೆ ಫೋನ್ ಮಾಡಬೇಕು ಅಂತ ಪ್ರತಿ ಮಜರೆಯ ಬೋರ್ಡಿನಲ್ಲಿ ಇರಬೇಕು. ಹಳ್ಳದ ನಕ್ಷೆ ಮಾಡುವಾಗ ಮಂಗ ಸತ್ತಿದ್ದ ಜಾಗಗಳನ್ನೂ ಗುರುತು ಮಾಡಿ. ಆ ಕಡೆ ದರಕಿಗೆ ಹೋಗುವುದನ್ನು ಆ ವರ್ಷ ಬಿಟ್ಟು ಬೇರೆ ಕಡೆ ತರುವ ವ್ಯವಸ್ಥೆ ಮಾಡಬಹುದು.

ಬೆಂಗಳೂರಲ್ಲಿರೋ ಸೊರಬದವ

ನಮ್ಮದು ಅರೆಮಲೆನಾಡು. ಹಳ್ಳಕ್ಕಿಂತ ಕೆರೆ ಮುಖ್ಯ. ಸೊರಬ, ಶಿಕಾರಿಪುರದ ಕಡೆ ಒಂದು ಕೆರೆಯ ಕೋಡಿ ನೀರು ಇನ್ನೊಂದು ಕೆರೆಗೆ ಹೋಗುವ ಹಾಗೆ ಸಾಲು ಕೆರೆಗಳಿವೆ. ಹಾಗಾಗಿ ಕೆರೆ ಸಾಲಿನ ಗುಂಟ ಯೋಜನೆ ಮಾಡಿದರೆ ನಮಗೂ ಈ ವಿಧಾನ ಹೊಂದುತ್ತೆ. ಈಗ ಒಂದು ಕೆರೆ ಹೂಳು ತೆಗೆಯುತ್ತಾರೆ, ಅದಕ್ಕೆ ನೀರು ತರುವ ಕಾಲುವೆ ಒತ್ತುವರಿಯಾಗಿರುತ್ತೆ. ಖಾಲಿ ಕೆರೆ ಆಳ ಆದರೆ ಯಾರಿಗೆ ಲಾಭ?

ನಕ್ಷೆ ಕೆಲಸಕ್ಕೆ ನಾನು ಕೈ ಜೋಡಿಸುತ್ತೇನೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ಫೋನಿನಲ್ಲೇ ತೋರಿಸುತ್ತೆ. ಹಳ್ಳದ ಗುಂಟ ನಡೆಯುವವರು ಪ್ರತಿ ಜಾಗದ ಫೋಟೋ, ಲೊಕೇಶನ್, ಸರ್ವೆ ನಂಬರ್ ಕಳಿಸಿದರೆ ನಾನು ಇಲ್ಲಿ ಕೂತು ಒಂದೇ ಹಾಳೆಯ ನಕ್ಷೆ ಮಾಡಿಕೊಡುತ್ತೇನೆ. ಕಾಡಿನೊಳಗೆ ಸಿಗ್ನಲ್ ಇರಲ್ಲ, ಹೋಗುವ ಮುಂಚೆ ಕಾಗದದಲ್ಲಿ ಗ್ರಾಮ ನಕ್ಷೆ ಪ್ರಿಂಟ್ ತೆಗೆದುಕೊಳ್ಳಿ.

ಶುಂಠಿ ವಿಷಯ ಯಾರಾದರೂ ಎತ್ತಬೇಕು. ಗದ್ದೆ ಗುತ್ತಿಗೆಗೆ ಹಿಡಿದು ಬೆಳೆದು ಹೋಗುತ್ತಾರೆ. ಔಷಧಿ ಡಬ್ಬಿಗಳೆಲ್ಲ ಕೆರೆ ಏರಿ ಮೇಲೆ.

ಸಂಜೀವಿನಿ ಸಂಘ

ಆ ಡಬ್ಬಿಗಳನ್ನು ಹೆಕ್ಕುವವರು ನಾವು. ನಮ್ಮ ಒಕ್ಕೂಟದ ಹೆಂಗಸರೇ ಪಂಚಾಯಿತಿಯ ಕಸದ ಗಾಡಿ, ಸ್ವಚ್ಛ ವಾಹಿನಿ, ಓಡಿಸುತ್ತೇವೆ. ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡವರು. ಗಾಡಿ ರಸ್ತೆ ಇರುವ ಕೇರಿಗೆ ಮಾತ್ರ ಹೋಗುತ್ತೆ. ಮಲೆನಾಡಿನಲ್ಲಿ ಅರ್ಧ ಮನೆಗೆ ಗಾಡಿ ಹೋಗಲ್ಲ. ಹಾಗಾಗಿ ಅವರ ಕಸ ಹಳ್ಳಕ್ಕೆ. ಹಳ್ಳ ರಸ್ತೆ ದಾಟುವ ಕಡೆಯಲ್ಲೆಲ್ಲ ಒಂದು ಚೀಲ ಇಡುವ ಕಟ್ಟೆ ಮಾಡಿಕೊಡಿ. ಮೇಲಿನವರು ವಾರಕ್ಕೊಮ್ಮೆ ಒಣ ಕಸ ತಂದಿಟ್ಟರೆ ಸಾಕು, ನಾವು ತೆಗೆದುಕೊಂಡು ಹೋಗುತ್ತೇವೆ. ಔಷಧಿ ಡಬ್ಬಿ ಮಾತ್ರ ಬೇರೆ ಚೀಲದಲ್ಲಿ ಕಟ್ಟಿ. ಬರಿಗೈಯಲ್ಲಿ ಹೆಕ್ಕಿ ನಮ್ಮವರ ಕೈಯೆಲ್ಲ ಉರಿ. ಯೋಜನೆಯಲ್ಲಿ ಗ್ಲೌಸ್, ಬೂಟು, ಗಾಡಿ ಡೀಸೆಲ್, ಸಂಬಳ ಮೊದಲು ಬರೆಯಿರಿ. ಗಾಡಿ ಕೊಟ್ಟರು, ಡೀಸೆಲ್‌ಗೆ ದುಡ್ಡಿಲ್ಲ ಅಂತ ನಿಂತಿದ್ದೂ ಇದೆ.

ಶರಾವತಿ ಹಿನ್ನೀರು

ನೀವೆಲ್ಲ ಸಣ್ಣ ಯೋಜನೆ ಬಗ್ಗೆ ಇಷ್ಟು ಚೆನ್ನಾಗಿ ಮಾತಾಡುತ್ತಿರುವುದು ನೋಡಿ ಖುಷಿ ಆಯಿತು, ಸಂಕಟವೂ ಆಯಿತು. ನಮ್ಮ ಹಿರಿಯರನ್ನು ಯಾವ ಸಭೆಯಲ್ಲೂ ಕೇಳಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಊರು, ಗದ್ದೆ, ದೇವಸ್ಥಾನ ನೀರಿನಡಿ ಹೋಯಿತು. ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು. ಆ ಜಾಗದ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ. ಸಿಗಂದೂರು ಸೇತುವೆ ಆಗಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಹಿನ್ನೀರು ದಾಟಿಸುವ ಲಾಂಚ್ ನಿಂತರೆ ನಾವೂ ನಿಂತಂತೆ. ಸೇತುವೆ ಆಗಿದ್ದು ನಮಗೆ ದೊಡ್ಡ ಸಮಾಧಾನ. ಈಗ ಗಾಡಿಗಳೂ ಜಾಸ್ತಿ, ಕಸವೂ ಜಾಸ್ತಿ, ಜಾಗ ಕೇಳಿಕೊಂಡು ಬರುವವರೂ ಜಾಸ್ತಿ. ಇದಕ್ಕೆ ಪಂಚಾಯಿತಿಯಲ್ಲಿ ತಯಾರಿ ಏನಿತ್ತು?

ಈಗ ತಳಕಳಲೆ, ಗೇರುಸೊಪ್ಪೆ ಮಧ್ಯೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರು ಮೇಲಕ್ಕೆತ್ತಿ ಮತ್ತೆ ಇಳಿಸಿ ಕರೆಂಟ್ ಮಾಡುವ) ಯೋಜನೆ. ಅದೂ ಸಿಂಗಳೀಕಗಳ ಅಭಯಾರಣ್ಯದಲ್ಲಿ. ನಾವು ಕಾಲುಸಂಕಕ್ಕೆ ಸರ್ವೆ ನಂಬರ್ ಹುಡುಕುತ್ತಾ ಕೂತಿರುತ್ತೇವೆ, ಅತ್ತ ಗುಡ್ಡದೊಳಗೆ ಸುರಂಗದ ನಕ್ಷೆ ತಯಾರಾಗಿರುತ್ತೆ. ಊರಿನ ಯೋಜನೆಗೆ ಅಂಥದ್ದರ ಮುಂದೆ ಬೆಲೆ ಇದೆಯಾ?

ಮಾಜಿ ಸದಸ್ಯೆ (ತೀರ್ಥಹಳ್ಳಿ ಕಡೆ)

ಅಣ್ಣ, ಬೆಲೆ ಇದೆ ಅಂತಲೇ ನಾನು ನಂಬಿದ್ದೇನೆ. ದೊಡ್ಡ ಯೋಜನೆ ಬಂದಾಗ ನಮ್ಮ ಹತ್ತಿರ ಕೋಪ ಇರುತ್ತೆ, ದಾಖಲೆ ಇರಲ್ಲ. ಇಲ್ಲಿ ಎಷ್ಟು ಒರತೆ ಇವೆ, ಯಾವ ಮನೆ ಯಾವ ಅಬ್ಬಿ (ಗುಡ್ಡದಿಂದ ಇಳಿಯುವ) ನೀರು ಕುಡಿಯುತ್ತೆ, ಕಾನಿನಲ್ಲಿ ಏನೇನು ಬೆಳೆಯುತ್ತೆ ಅಂತ ಕೇಳಿದರೆ ತೋರಿಸೋಕೆ ಕಾಗದ ಇಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಪ್ರಾಣಿ, ತಿಳಿವಳಿಕೆ ಎಲ್ಲ ಬರೆದಿಡುವ ಜನತಾ ದಾಖಲೆಯನ್ನು ಅದೇ ಮಾಡಬೇಕು. 2004ರ ನಿಯಮದಲ್ಲಿ ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು ಅಂತ ಇತ್ತು. ಎಷ್ಟೋ ಕಡೆ ಸಮಿತಿ ಹೆಸರಿಗಷ್ಟೇ. ಹಳ್ಳದ ಗುಂಟ ನಡೆಯುವ ದಿನವೇ ಈ ಸಮಿತಿಯವರನ್ನೂ ಕರೆದುಕೊಂಡು ಹೋಗಿ. ಒಂದೇ ನಡಿಗೆಯಲ್ಲಿ ಎರಡು ದಾಖಲೆ. ನಾಳೆ ಯಾರೇ ಬಂದರೂ ಇಲ್ಲಿ ಏನೂ ಇಲ್ಲ ಅನ್ನೋಕಾಗಲ್ಲ. ಅದರಿಂದ ಸುರಂಗ ನಿಂತೇಬಿಡುತ್ತೆ ಅಂತ ನಾನು ಮಾತು ಕೊಡಲಾರೆ.

ಶಾಲೆ ಮೇಷ್ಟ್ರು

ಒಂದೇ ಮಾತು. ಮಕ್ಕಳ ಗ್ರಾಮಸಭೆ ವರ್ಷಕ್ಕೊಮ್ಮೆ ನಡೆಯುತ್ತೆ. ಅದನ್ನು ಹಾಡು, ಭಾಷಣ, ಫೋಟೋಗೆ ಮುಗಿಸಬೇಡಿ. ನಮ್ಮ ಮಕ್ಕಳಿಗೆ ಯಾವ ಹಳ್ಳದ ಸಂಕ ಕೊಳೆತಿದೆ, ಮಳೆಗೆ ಯಾವ ದಿನ ಶಾಲೆಗೆ ಬರೋಕಾಗಲ್ಲ ಅಂತ ಚೆನ್ನಾಗಿ ಗೊತ್ತು. ಮರದ ದಿಮ್ಮಿ ಮೇಲೆ ನಡೆದು ಬರುವ ಮಗು ಕೇಳಿದ ಕಾಲುಸಂಕವನ್ನು ಪಟ್ಟಿಯ ಕೊನೆಗೆ ತಳ್ಳಬಾರದು. ಮಕ್ಕಳ ಬೇಡಿಕೆಗಳನ್ನು ವಾರ್ಡ್ ಸಭೆಯ ನಡಾವಳಿಯಲ್ಲೂ ಬರೆಸಿ.

ಅಡಿಕೆ ತೋಟದವ (ಸಾಗರ)

ಅಕೇಶಿಯಾ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. ಭದ್ರಾವತಿ ಕಾಗದ ಕಾರ್ಖಾನೆಗೆ ಅಂತ 1980ರಲ್ಲಿ 40 ವರ್ಷಕ್ಕೆ ಕೊಟ್ಟ ಜಾಗ. ಹಳ್ಳದ ತಲೆಯ ಮೇಲೆಲ್ಲ ಅದೇ ನೆಡುತೋಪು. ಅದರಡಿ ಹುಲ್ಲಿಲ್ಲ, ದನಕ್ಕೆ ಮೇವಿಲ್ಲ, ಮಂಗಕ್ಕೆ ಹಣ್ಣಿಲ್ಲ. ಹಣ್ಣಿಲ್ಲದ ಮಂಗ ತೋಟಕ್ಕೆ ಬರುತ್ತೆ. ಆಶಾ ಅಕ್ಕ ಹೇಳಿದ ಕಾಯಿಲೆಯ ಹೆದರಿಕೆಯೂ ಅದರ ಜೊತೆಗೇ ಬರುತ್ತೆ. ಕಟಾವಾದ ಕಡೆ ಮತ್ತೆ ಅಕೇಶಿಯಾ ಬೇಡ, ಹಲಸು, ನೇರಳೆ, ಹೊನ್ನೆ, ಮತ್ತಿ ಬರಲಿ ಅಂತ ಗ್ರಾಮಸಭೆಯಲ್ಲಿ ಬರೆಸೋಣ. 2020ರಲ್ಲಿ ಗುತ್ತಿಗೆ ಮುಗಿದಾಗ ಮಲೆನಾಡಿನ ಊರೂರಲ್ಲೂ ಇದೇ ಬೇಡಿಕೆ ಎದ್ದಿತ್ತು.

ಗುಡ್ಡೆಕೇರಿ

ಸರಿ. ಸಾಗುವಳಿಯವರ ಬಗ್ಗೆ ಹೇಳಿದ ಸಾಲು ನಡಾವಳಿಯಲ್ಲಿ ಬರುತ್ತೆ ಅಂದರೆ ನಾವು ಬರುತ್ತೇವೆ. ಹಳ್ಳ ಹುಟ್ಟುವುದು ನಮ್ಮ ಕೇರಿ ಹಿಂದೆಯೇ. ಜಾಗ ನಾವೇ ತೋರಿಸುತ್ತೇವೆ. ಮೊದಲ ಕೂಟ ನಮ್ಮ ಕೇರಿಯಲ್ಲಿ ಇಡಿ, ತೋಟದವರ ಅಂಗಳದಲ್ಲಿ ಬೇಡ. ಸಂಜೆ ಆರರ ಮೇಲೆ ಇರಲಿ, ಕೂಲಿ ಮುಗಿಸಿ ಬರಬೇಕು. ಇನ್ನೊಂದು, ಕೊಳವೆಬಾವಿ ನೀರು ನಮ್ಮ ಟ್ಯಾಂಕಿಗೆ ಏರುವುದಿಲ್ಲ. ಆ ಒರತೆಗೆ ಒಂದು ತೊಟ್ಟಿ ಕಟ್ಟಿ ಪೈಪ್ ಹಾಕಿದರೆ ಕರೆಂಟಿಲ್ಲದೆ ಇಪ್ಪತ್ತು ಮನೆಗೆ ನೀರು ಬರುತ್ತೆ. ಪಟ್ಟಿಯಲ್ಲಿ ಅದು ಮೊದಲು.

ಹಳ್ಳದಂಚಿನ ಮನೆ

ಅದೇ ಮೊದಲು. ಬರುವ ಭಾನುವಾರ ಸಂಜೆ ನಿಮ್ಮ ಕೇರಿಯಲ್ಲೇ ಸೇರೋಣ. ಗ್ರಾಮ ನಕ್ಷೆ ಪ್ರಿಂಟ್ ನಾನು ತರುತ್ತೇನೆ. ಕೆಳಗಿನ ತೋಟದವರಿಗೆ ನಾನೇ ಮನೆಗೆ ಹೋಗಿ ಹೇಳುತ್ತೇನೆ, ಮಾತು ಬಿಟ್ಟವರಿಗೂ. ಪಿಡಿಓ ಸರ್, ನಡಾವಳಿಯ ಒಕ್ಕಣೆ ಒಂದು ಬರೆದುಕೊಡ್ತೀರಾ?

ನಿವೃತ್ತ ಪಿಡಿಓ

ನಾಳೆ ಕಳಿಸುತ್ತೇನೆ. ಸಭೆಯ ದಿನ ಖಾಲಿ ಪುಸ್ತಕಕ್ಕೆ ಸಹಿ ಹಾಕಬೇಡಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಒರತೆ, ಕಟ್ಟು, ಕಾಲುಸಂಕ ಎಲ್ಲ ಸರ್ವೆ ನಂಬರ್ ಸಮೇತ ಬಂದಿದೆಯಾ ನೋಡಿ, ಆಮೇಲೆ ಸಹಿ. ನಕಲು ಪ್ರತಿ ಅದೇ ವಾರ ಅರ್ಜಿ ಕೊಟ್ಟು ತೆಗೆದುಕೊಳ್ಳಿ.